ಅಮ್ಮ ಮಲಗಿದ್ದಾಳೆ

ಊರಿನವರ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಪುಟ್ಟಿಯ ಕೆಲಸ. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು 'ಕಟಿಂಗ್ ಮೇಡಂ' ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿ ಒಂದಿಬ್ಬರು ಬಟ್ಟೆ ಹೊಲಿಸಲು ಹುಡುಕಿಕೊಂಡು ಬಂದದ್ದೂ ಉಂಟು. "ಬಟ್ಟೆ ಕತ್ತರಿಸೋರು ನಮ್ಮಪ್ಪ. ನಾನು ಬರೀ ಮದುವೆ ಕತ್ತರಿಸ್ತೀನಿ" ಎಂದು ಅವಳು ಅವರನ್ನು ಎರಡು ಬೀದಿ ಆಚೆಗಿನ ಅಪ್ಪನ ಅಂಗಡಿಗೆ ಕಳಿಸುತ್ತಿದ್ದಳು. ಅಷ್ಟು ಹತ್ತಿರವಿದ್ದರೂ ತಾನು ಮಾತ್ರ ಅತ್ತ ತಲೆ ಹಾಕುತ್ತಿದ್ದುದು ಅಪರೂಪ.

ಮೂವತ್ತು ದಾಟಿದ ಮೇಲೆ ತನ್ನದೇ ಒಂದು ಕಿರುಚಿತ್ರ ಮಾಡಬೇಕೆಂಬ ಹಟ ಅವಳಲ್ಲಿ ಹುಟ್ಟಿತು. ಕಥೆಗಾಗಿ ತಡಕಾಡಬೇಕಾಗಿರಲಿಲ್ಲ. ಅವಳಿಗೆ ಏಳು ವರ್ಷವಾಗಿದ್ದಾಗ, ಜ್ವರವೆಂದು ಆಸ್ಪತ್ರೆ ಸೇರಿದ ಅಮ್ಮ ತಿರುಗಿ ಬರಲಿಲ್ಲ. ಆ ದಿನ ಪುಟ್ಟಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಅಂಗಿಯ ಗುಂಡಿಗಳನ್ನು ಸಾಲು ಹಚ್ಚಿ ಆಡುತ್ತಿದ್ದಳು. ಅಪ್ಪ ಬಂದು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಕತ್ತಿನಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. "ಅಮ್ಮ ಮಲಗಿದ್ದಾಳೆ. ಶಬ್ದ ಮಾಡ್ಬೇಡ" ಎಂದ. ಅವಳು ನಂಬಿದಳು. ಅಂದೇ ಅವಳನ್ನು ನೆಂಟರ ಊರಿಗೆ ಕಳಿಸಿದರು. ಕೆಲವು ದಿನ ಕಳೆದು ಮನೆಗೆ ಕರೆತಂದಾಗ ಒಳಕೋಣೆಯ ಬಾಗಿಲು ಮುಚ್ಚಿತ್ತು. ಅಮ್ಮ ಒಳಗೇ ಇದ್ದಾಳೆಂದುಕೊಂಡು ಅವಳು ತುದಿಗಾಲಲ್ಲಿ ಓಡಾಡಿದಳು. ತಟ್ಟೆಯನ್ನು ಸದ್ದಾಗದಂತೆ ಇಟ್ಟಳು. ಕೆಮ್ಮು ಬಂದರೆ ಹೊರಗೆ ಓಡಿದಳು. ಕೊನೆಗೆ ಶಾಲೆಯಲ್ಲಿ ಒಬ್ಬ ಹುಡುಗಿ, "ನಿಮ್ಮಮ್ಮ ಸತ್ತೋಗಿದ್ದಾಳಂತಲ್ಲ, ನಿಂಗೊತ್ತಿಲ್ವಾ?" ಎಂದು ಕೇಳಿದಳು.

ಅಂದಿನಿಂದ ಅಪ್ಪನ ಜೊತೆ ಅವಳ ಮಾತುಕತೆ 'ಊಟಕ್ಕೆ ಬಾ', 'ಬಾಗಿಲು ಹಾಕ್ಕೋ' ಎನ್ನುವಷ್ಟಕ್ಕೆ ಇಳಿಯಿತು. ದೊಡ್ಡವಳಾದ ಮೇಲೆ ಒಂದು ಸಲ ಕೂಗಾಡಿಯೂ ಇದ್ದಳು: "ಒಂದೇ ಒಂದು ನಿಜ ಹೇಳೋಕೆ ಬಾಯಿ ಬರ್ಲಿಲ್ವಾ ನಿಂಗೆ?" ಅಪ್ಪ ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಲೇ ಇದ್ದ. ಅದೂ ಅವಳ ಸಿಟ್ಟಿಗೆ ತುಪ್ಪ ಸುರಿದಿತ್ತು.

ಚಿತ್ರೀಕರಣಕ್ಕೆ ಅಣ್ಣನ ಮನೆ ಸಿಕ್ಕಿತು. ಕ್ಯಾಮೆರಾ ಸ್ಟುಡಿಯೋದ್ದು, ಮದುವೆಗಳಿಲ್ಲದ ದಿನ ಒಯ್ಯಲು ಯಜಮಾನರು ಒಪ್ಪಿದ್ದರು. ಬಿಸಿಲು ಹದವಾಗಲೆಂದು ಕಿಟಕಿಗೆ ಬಿಳಿ ಹಾಸುಬಟ್ಟೆ ಕಟ್ಟಿದರು, ಮುಖಕ್ಕೆ ಬೆಳಕು ಹಾಯಿಸಲು ಟಿವಿ ಡಬ್ಬಿಯ ಥರ್ಮಾಕೋಲ್ ಹಿಡಿದರು. ಅಣ್ಣ ಲಿಫ್ಟ್ ರಿಪೇರಿ ಮಾಡುವವನು. "ನಮ್ದು ಏಳುಬೀಳಿನ ಕಸುಬು, ಇದೊಂದು ಬಾಕಿ ಇತ್ತು" ಎನ್ನುತ್ತ ವೈರು, ದೀಪಗಳ ಜವಾಬ್ದಾರಿ ಹೊತ್ತ. ಧ್ವನಿ ಹಿಡಿಯುವಾಗ ಗುಂಯ್‌ಗುಟ್ಟುತ್ತದೆಂದು ಫ್ರಿಜ್ ಆರಿಸಿಡುತ್ತಿದ್ದರು. ಮೊದಲ ದಿನ ಅದನ್ನು ಮತ್ತೆ ಹಾಕಲು ಮರೆತು ಹಾಲು ಒಡೆದುಹೋಯಿತು. "ಅಣ್ಣ-ತಂಗಿ ಸೇರಿ ಸಿನಿಮಾ ಮಾಡಿ, ನಾನು ಕರೀ ಚಾ ಕುಡೀತೀನಿ" ಎಂದು ಅತ್ತಿಗೆ ಗೊಣಗಿದಳು. ಆದರೂ ಎಲ್ಲರಿಗೂ ಹೊತ್ತು ಹೊತ್ತಿಗೆ ಊಟ ಹಾಕಿದಳು.

ಪುಟ್ಟಿಯ ಪಾತ್ರ ಅಣ್ಣನ ಮಗಳು ಗುಬ್ಬಿಯದು. ಎಂಟು ವರ್ಷದ ಆ ಹುಡುಗಿಯ ಬಾಯಿ ಮಲಗಿದಾಗ ಮಾತ್ರ ಸುಮ್ಮನಿರುತ್ತಿತ್ತು.

"ಅತ್ತೆ, ಅಜ್ಜಿ ಸತ್ತಾಗ ನೀನು ಎಷ್ಟು ಅತ್ತೆ?"

"ಆಗ ಅಳ್ಲಿಲ್ಲ ಕಣೇ. ಗೊತ್ತೇ ಇರ್ಲಿಲ್ಲ."

"ಹಂಗಾದ್ರೆ ನಾನೂ ಅಳ್ಬೇಕಾಗಿಲ್ಲ. ಸದ್ಯ!" ಎಂದು ಅವಳು ನಿಟ್ಟುಸಿರು ಬಿಟ್ಟಳು. ಅಳುವುದು ಬರುವುದಿಲ್ಲವೆಂಬ ಚಿಂತೆ ಅವಳನ್ನು ವಾರದಿಂದ ಕಾಡುತ್ತಿತ್ತಂತೆ.

ಅಪ್ಪನ ಪಾತ್ರಕ್ಕೆ ಒಪ್ಪಿದ್ದವನು ನಾಟಕದ ಹುಚ್ಚಿದ್ದ ಜೆರಾಕ್ಸ್ ಅಂಗಡಿಯವನು. ಮುಖ್ಯ ದೃಶ್ಯದ ದಿನ ಹಲ್ಲುನೋವಿನಿಂದ ಅವನ ಒಂದು ಕೆನ್ನೆ ಊದಿಕೊಂಡಿತು. ಮರುದಿನದಿಂದ ಕ್ಯಾಮೆರಾ ಸಿಗುವಂತಿರಲಿಲ್ಲ. ಪುಟ್ಟಿ ಅಳತೆ ಟೇಪನ್ನು ಅಣ್ಣನ ಕತ್ತಿಗೆ ಹಾಕಿದಳು.

"ನಾನಾ? ನಂಗೆ ಆ್ಯಕ್ಟಿಂಗ್ ಎಲ್ಲಿ ಬರುತ್ತೆ?"

"ಹಿಂದಿಂದ ತೆಗೀತೀನಿ, ನಿನ್ನ ಮುಖ ಕಾಣಲ್ಲ. ಎರಡೇ ಮಾತು."

ಗುಬ್ಬಿ ಮೆಟ್ಟಿಲ ಮೇಲೆ ಗುಂಡಿಗಳನ್ನು ಹರಡಿಕೊಂಡು ಕೂತಳು. ಅಣ್ಣ ಅವಳೆದುರು ಕುಕ್ಕರಿಸಿದ. ಪುಟ್ಟಿ 'ಆ್ಯಕ್ಷನ್' ಎಂದಳು. ಅವನು ಬಾಯಿ ತೆರೆದ, ಮಾತು ಹೊರಡಲಿಲ್ಲ. ಇನ್ನೊಮ್ಮೆ ತೆಗೆದರು. ಗುಬ್ಬಿಯೇ "ಅಪ್ಪ, 'ಅಮ್ಮ ಮಲಗಿದ್ದಾಳೆ' ಅನ್ನು" ಎಂದು ಪಿಸುಗುಟ್ಟಿ ನೆನಪಿಸಿದಳು. ಅವನು ಎದ್ದವನೇ ಅಡುಗೆಮನೆಗೆ ಹೋದ.

ಪುಟ್ಟಿ ಹಿಂದೆಯೇ ಹೋದಾಗ ಅವನು ಫ್ರಿಜ್ಜಿನ ಸ್ವಿಚ್ಚು ಒತ್ತುತ್ತಿದ್ದ.

"ಶಾಟ್ ಇನ್ನೂ ಮುಗ್ದಿಲ್ಲ ಅಣ್ಣ."

"ಪುಟ್ಟಿ, ಅದನ್ನ ಅಪ್ಪ ಹೇಳಿದ್ದಲ್ಲ."

"ಯಾವುದನ್ನ?"

"ಆ ಮಾತನ್ನ. ಹೇಳಿದ್ದು ನಾನು."

ಅವಳಿಗೆ ಮೊದಲು ನಗು ಬಂತು. "ಏನು ಮಾತು ಅಂತ ಆಡ್ತೀಯ. ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕತ್ತಲ್ಲಿ ಟೇಪಿತ್ತು."

"ಅವತ್ತು ಶಾಲೆಗೆ ರಜೆ, ಅಂಗಡೀಲಿ ನಾನೊಬ್ನೇ ಇದ್ದೆ. ದೊಡ್ಡ ಮನುಷ್ಯನ ಹಾಗೆ ಟೇಪು ಹಾಕ್ಕೊಂಡು ಕೂತಿದ್ದೆ. ಅಪ್ಪ ಆಸ್ಪತ್ರೆಯಿಂದ ಫೋನ್ ಮಾಡಿ, 'ಅಮ್ಮ ಹೋದ್ಲು ಕಣೋ, ಪುಟ್ಟಿಗೆ ಹೇಳು' ಅಂದ. ನಾನು ಓಡ್ತಾ ಬಂದೆ. ನೀನು ನನ್ನ ನೋಡಿ, ಗುಂಡಿ ತುಳೀಬೇಡ ಅಂತ ಬೈದೆ. ನಿನ್ನ ಮುಖ ನೋಡಿದ್ಮೇಲೆ ಆ ಮಾತು ಬರ್ಲಿಲ್ಲ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಸಂಜೆ ಸರಿ ಮಾಡೋಣ ಅಂದ್ಕೊಂಡೆ. ಆಮೇಲೆ ನೀನು ತುದಿಗಾಲಲ್ಲಿ ನಡೆಯೋಕೆ ಶುರು ಮಾಡ್ದೆ. ಅದನ್ನ ನೋಡಿ ಇನ್ನೂ ಹೆದರಿಕೆ ಆಯ್ತು."

ಆಗ ಅಣ್ಣನಿಗೆ ಹದಿಮೂರು. ಆ ಮನೆಯಲ್ಲಿ ಇನ್ನೊಬ್ಬ ಹುಡುಗನೂ ಇದ್ದನೆನ್ನುವುದನ್ನೇ ಪುಟ್ಟಿಯ ಕಥೆ ಮರೆತಿತ್ತು. ಅವಳು ಬರೆದ ಯಾವ ದೃಶ್ಯದಲ್ಲೂ ಅವನಿರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಅಪ್ಪನ ಮೇಲೆ ಸಿಟ್ಟಾಗಿದ್ದು ಇದಕ್ಕೇ ಅಂತ ಗೊತ್ತಾಗಿದ್ದೇ ನೀನು ಕೂಗಾಡಿದ ದಿನ. ನಾನು ಹೇಳ್ತೀನಿ ಅಂತ ಹೋದ್ರೆ ಅಪ್ಪಾನೇ ಬೇಡ ಅಂದ."

ಚಿತ್ರೀಕರಣ ಅಲ್ಲಿಗೇ ನಿಂತಿತು. ಪುಟ್ಟಿ ನೇರವಾಗಿ ಅಂಗಡಿಗೆ ನಡೆದಳು. ಅಪ್ಪ ಹಲಗೆಯ ಮೇಲೆ ಪ್ಯಾಂಟಿನ ಬಟ್ಟೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಗಳನ್ನು ಕಂಡು ಗಾಬರಿಯಾದ. ಅವಳು ಸುತ್ತಿಬಳಸದೆ ಕೇಳಿಯೇಬಿಟ್ಟಳು. ಅಪ್ಪ ಎಳೆಯುತ್ತಿದ್ದ ಗೆರೆಯನ್ನು ಪೂರ್ತಿ ಮಾಡಿ ಸುಣ್ಣದ ಚೂರನ್ನು ಕೆಳಗಿಟ್ಟ.

"ಹೇಳ್ಬೇಕಾಗಿದ್ದೋನು ನಾನು. ಆ ಫೋನಲ್ಲಿ ಅಷ್ಟು ಹೇಳಿದ್ಮೇಲೆ ಇನ್ನೊಂದು ಸಲ ಹೇಳೋಕೆ ನನ್ನಿಂದ ಆಗ್ಲಿಲ್ಲ. ಎಳೇ ಹುಡುಗನ ತಲೆ ಮೇಲೆ ಹೊರಿಸ್ಬಿಟ್ಟೆ."

"ಅದನ್ನೇ ನಂಗೆ ಹೇಳ್ಬಹುದಿತ್ತಲ್ಲಪ್ಪ."

"ಹೇಳಿದ್ರೆ ನೀನು ಅವನ ಮೇಲೆ ತಿರುಗಿ ಬೀಳ್ತಿದ್ದೆ. ಅಮ್ಮ ಇಲ್ಲದ ಮನೇಲಿ ನೀವಿಬ್ಬರಾದ್ರೂ ಒಟ್ಟಿಗಿರ್ಲಿ ಅಂತ."

ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡೇ ಬೆಳೆದವಳಿಗೆ ಈಗ ಆ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅದು ಒಂದೇ ಮಾತಿಗೆ ಇಳಿಯುವಂಥದ್ದೂ ಆಗಿರಲಿಲ್ಲ. ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ನೆಲಕ್ಕೆ ಬಿದ್ದಿದ್ದ ಗುಂಡಿಗಳನ್ನು ಹೆಕ್ಕಿ ಡಬ್ಬಿಗೆ ಹಾಕಿದಳು. ಹೊರಡುವಾಗ, "ಸಿನಿಮಾಕ್ಕೆ ಒಬ್ಬ ಹುಡುಗ ಬೇಕಾಗ್ತಾನೆ. ಅವನಿಗೊಂದು ಶರ್ಟ್ ಹೊಲಿದುಕೊಡ್ತೀಯಾ?" ಎಂದಳು.

"ಅಳತೆಗೆ ಕಳ್ಸು" ಎಂದ ಅಪ್ಪ.

ಹುಡುಗನನ್ನು ಅತ್ತಿಗೆ ಹುಡುಕಿದಳು. ಅವಳ ದೊಡ್ಡಣ್ಣನ ಮಗ. ಉದ್ದಕ್ಕೆ ಕಡ್ಡಿಯ ಹಾಗಿದ್ದವನು, ನಾಚಿಕೆಯ ಮುದ್ದೆ. ಮುಂದಿನ ತಿಂಗಳು ಕ್ಯಾಮೆರಾ ಬಿಡುವಾದಾಗ ಅವನನ್ನು ಮೆಟ್ಟಿಲ ಬಳಿ ಕೂರಿಸಿದರು. ಈ ಬಾರಿ ಕ್ಯಾಮೆರಾ ಹುಡುಗನ ಮುಖಕ್ಕೆ ಎದುರಾಗಿತ್ತು. ಮಾತು ಹೇಳಿಕೊಟ್ಟದ್ದು ಅಣ್ಣ.

"ಹೇಳಾದ್ಮೇಲೆ ಏನು ಮಾಡ್ಲಿ ಮಾಮ?" ಎಂದು ಹುಡುಗ ಕೇಳಿದ.

"ಏನೂ ಮಾಡ್ಬೇಡ, ಅಲ್ಲೇ ಇರು. ಹೋಗೋಕೂ ಆಗಲ್ಲ, ಕೂರೋಕೂ ಆಗಲ್ಲ, ಅಷ್ಟೇ."

ಹುಡುಗ ಹಾಗೇ ಮಾಡಿದ. ಗುಬ್ಬಿ ತಲೆಯಾಡಿಸಿ ಮತ್ತೆ ಗುಂಡಿ ಜೋಡಿಸತೊಡಗಿದಳು. ಅವನು ಎದ್ದು ನಿಂತ, ಬೀದಿಯ ಕಡೆ ನೋಡಿದ, ಕೈಗಳನ್ನು ಎಲ್ಲಿಡುವುದೆಂದು ಗೊತ್ತಾಗದೆ ಟೇಪಿನ ಎರಡು ತುದಿಗಳನ್ನೂ ಹಿಡಿದುಕೊಂಡ. ಪುಟ್ಟಿ ಬೇಕೆಂದೇ 'ಕಟ್' ಹೇಳುವುದನ್ನು ತಡಮಾಡಿದಳು.

ಊರಿನ ಗ್ರಂಥಾಲಯದ ಮಹಡಿಯಲ್ಲಿ ನಡೆದ ಕಿರುಚಿತ್ರ ಸ್ಪರ್ಧೆಯಲ್ಲಿ ಚಿತ್ರ ಪ್ರದರ್ಶನವಾಯಿತು. ಬಹುಮಾನವೇನೂ ಬರಲಿಲ್ಲ. ಬಂದಿದ್ದವರು ಚಪ್ಪಾಳೆ ತಟ್ಟಿದರು; ಇಬ್ಬರು ಮೂವರು ಪುಟ್ಟಿಯ ಕೈ ಹಿಡಿದು ತಮ್ಮ ಮನೆಯ ಸಾವುಗಳ ವಿಷಯ ಹೇಳಿಕೊಂಡರು. ಅಪ್ಪ ಹಿಂದಿನ ಸಾಲಿನಲ್ಲಿ ಕೂತು ನೋಡಿದ. ಮೆಟ್ಟಿಲಿಳಿಯುವಾಗ ಮಗಳ ತೋಳು ಹಿಡಿದುಕೊಂಡು, "ಆ ಹುಡುಗನ ಶರ್ಟು ಭುಜದ ಹತ್ರ ಸ್ವಲ್ಪ ಸಡಿಲ ಆಯ್ತು" ಎಂದಷ್ಟೇ ಹೇಳಿದ. ತೋಳನ್ನು ಮಾತ್ರ ಬೀದಿಯ ಕೊನೆವರೆಗೂ ಬಿಡಲಿಲ್ಲ.

ಅಣ್ಣ ಬಂದಿರಲಿಲ್ಲ. ಯಾವುದೋ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ಜನ ಸಿಕ್ಕಿಕೊಂಡಿದ್ದಾರೆಂದು ಹೇಳಿ ಕಳಿಸಿದ್ದ. ಅದು ನಿಜವೋ ನೆಪವೋ ಪುಟ್ಟಿ ಕೇಳಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಅವನೇ ಸ್ಟುಡಿಯೋಗೆ ಬಂದು, "ಹಾಕು, ನೋಡೋಣ" ಎಂದ. ಅವಳ ಕುರ್ಚಿಯ ಪಕ್ಕದಲ್ಲಿ ಕೂತು ನೋಡಿದ. ಹುಡುಗ ಎದ್ದು ನಿಂತ ದೃಶ್ಯ ಬಂದಾಗ ಅಲ್ಲಿಗೇ ನಿಲ್ಲಿಸಲು ಹೇಳಿದ.

"ಎಷ್ಟು ಸಣ್ಣವನು" ಎಂದ. ಪರದೆಯ ಹತ್ತಿರಕ್ಕೆ ಬಾಗಿ, "ಯಾರಾದ್ರೂ ಬಂದು ಅವನಿಗೊಂದು ಲೋಟ ನೀರಾದ್ರೂ ಕೊಡ್ಬೇಕಿತ್ತು ಪುಟ್ಟಿ" ಎಂದ.

ಹಾಗೆನ್ನುತ್ತಲೇ ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅಣ್ಣ ಅಳುವುದನ್ನು ಅವಳು ನೋಡಿದ್ದು ಅದೇ ಮೊದಲು. ಪಕ್ಕದ ಕೋಣೆಯಲ್ಲಿ ಯಾರೋ ಮದುವೆಯ ಹಾಡೊಂದನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರು. ಪುಟ್ಟಿ ಎದ್ದು ಬಾಗಿಲು ಮುಚ್ಚಿದಳು. ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಅವನ ಅಳು ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದಳು.