ಹೊಳೆಯುವ ಚೀಲಗಳು

ಮರಗೆಣಸಿನಿಂದ ಪಿಷ್ಟ ತೆಗೆದ ಮೇಲೆ ಕಾರ್ಖಾನೆಯವರು ಹಿಪ್ಪೆಯನ್ನು ಗೋಡೆಯಾಚೆ ಸುರಿಯುತ್ತಿದ್ದರು. ಅದು ಹುಳಿತು ನಾರಿ, ಜನ ಮೂಗು ಮುಚ್ಚಿಕೊಂಡೇ ಓಡಾಡಬೇಕಿತ್ತು. ಆ ಹಿಪ್ಪೆಯನ್ನು ಒಣಗಿಸಿ, ಪುಡಿ ಮಾಡಿ, ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಕಾಳಿನೊಂದಿಗೆ ಬೆರೆಸಿ ಸಸಿ ಬೆಳೆಸುವ ಚೀಲ ಮಾಡುತ್ತೇನೆಂದು ಅವನು ಬಾಡಿಗೆ ಶೆಡ್ಡಿನಲ್ಲಿ ಯಂತ್ರ ಹೂಡಿದಾಗ, ಬಂಧುಬಳಗದಲ್ಲಿ ನಗದೆ ಇದ್ದವಳು ಚಿಕ್ಕಮ್ಮ ಒಬ್ಬಳೇ. ಸಸಿ ಬೆಳೆಸಿ ಮಾರುವುದು ಅವಳ ಕಸುಬು.

"ಮೊದಲ್ನೇ ಚೀಲ ನನಗೇ ಕೊಡ್ಬೇಕು ವಿಜ್ಞಾನಿ" ಎಂದಿದ್ದಳು.

ಚೀಲಗಳೇನೋ ಬಂದವು, ಅವುಗಳ ಅಂದ ಮಾತ್ರ ದೇವರಿಗೇ ಪ್ರೀತಿ. ಹಿಪ್ಪೆಯಲ್ಲಿ ತೇವ ಉಳಿದು ಮೈತುಂಬ ಗುಳ್ಳೆ, ಬೂದು ಬಣ್ಣ, ಮಣ್ಣು ತುಂಬುವಾಗಲೇ ಅಂಚು ಹರಿಯುತ್ತಿತ್ತು. ಒಂದು ಕಟ್ಟು ಮಾತ್ರ ಮದುಮಗಳ ಹಾಗೆ ಹೊಳೆಯುತ್ತಿತ್ತು. ಏಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರದೊಳಗೆ ಅಂಟಿದ ಹಳೆಯ ಮಿಶ್ರಣವನ್ನು ಹೊರತಳ್ಳಲು ಮಾಮೂಲಿ ಪ್ಲಾಸ್ಟಿಕ್ ಓಡಿಸುತ್ತಾರೆ. ಆಮೇಲೆ ಹೊಸ ಮಿಶ್ರಣ ಹಾಕಿದಾಗ ಮೊದಮೊದಲು ಬರುವ ಚೀಲಗಳಲ್ಲಿ ಇರುವುದು ಬಹುಪಾಲು ಆ ಪ್ಲಾಸ್ಟಿಕ್ಕೇ. ಅವನ್ನು ಎಸೆಯಬೇಕು. ಹರಕು ಚೀಲ ಹಿಡಿದು ಯಾವ ಮುಖ ಇಟ್ಟುಕೊಂಡು ಚಿಕ್ಕಮ್ಮನ ಮುಂದೆ ನಿಲ್ಲುವುದೆಂದು ಅವನು ಆ ಹೊಳೆಯುವ ಕಟ್ಟನ್ನೇ ಒಯ್ದು ಕೊಟ್ಟ.

"ನೆಡುವಾಗ ಚೀಲ ಬಿಚ್ಬೇಡ, ಹಾಗೇ ಗುಂಡೀಲಿಡು. ಮಣ್ಣಲ್ಲಿ ಮಣ್ಣಾಗುತ್ತೆ" ಎಂದು ಬೇರೆ ಹೇಳಿದ.

"ಎಷ್ಟು ನುಣುಪಾಗಿದೆಯೋ!" ಎಂದು ಚಿಕ್ಕಮ್ಮ ಸವರಿ ನೋಡಿದಳು. ಅವನು ಹಿಗ್ಗಿ ಹೀರೇಕಾಯಿಯಾದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಕೊಂಡವಳಿಗೆ ತಿಳಿಯದಿದ್ದರೂ ಕೊಟ್ಟವನಿಗೆ ತಿಳಿದಿತ್ತಲ್ಲ!

ಕೆಲವು ತಿಂಗಳ ಮೇಲೆ ಅವನು ಹೋದಾಗ ಬೇಲಿಯುದ್ದಕ್ಕೂ ಚೀಲದ ಸಮೇತ ನೆಟ್ಟಿದ್ದ ಸಸಿಗಳೆಲ್ಲ ಹಳದಿ ತಿರುಗಿ ವಾಲಿದ್ದವು. ಚಿಕ್ಕಮ್ಮ ಕೆಂಡವಾಗಿದ್ದಳು.

"ನೋಡು, ಬುಡ ಹೇಗೆ ಕೆಸರಾಗಿದೆ! ನೀರು ಸುರಿದೂ ಸುರಿದೂ ಬೇರು ಕೊಳೆಸಿದ್ದಾಳೆ. ನಾಳೆಯಿಂದ ಬರ್ಬೇಡ ಅಂತ ಕಳಿಸ್ಬಿಟ್ಟೆ."

ಕಳಿಸಿದ್ದು ನೀರಕ್ಕನನ್ನು. ಅವನು ಮೊಣಕಾಲುದ್ದ ಇದ್ದಾಗಿನಿಂದ ಇಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದವಳು. ಹೆಸರು ಎಲ್ಲರಿಗೂ ಮರೆತು ಕೆಲಸವೇ ಹೆಸರಾಗಿತ್ತು.

"ಅವಳೇನಂದ್ಲು?"

"ಯಾವತ್ತಿನಷ್ಟೇ ಹಾಕಿದೀನಿ ಅಂತಾಳೆ. ಮತ್ತೆ ನಿನ್ನ ಚೀಲದ್ದಾ ತಪ್ಪು?"

ಚಿಕ್ಕಮ್ಮ ಒಳಗೆ ಹೋದೊಡನೆ ಅವನು ಕುಕ್ಕರಗಾಲಲ್ಲಿ ಕೂತು ಒಂದು ಬುಡ ಕೆದಕಿದ. ಚೀಲ ಕೊಟ್ಟ ದಿನದಷ್ಟೇ ಹೊಳೆಯುತ್ತಿತ್ತು. ನೀರು ಅದರೊಳಗೇ ನಿಂತಿತ್ತು, ಬೇರು ದಾರಿ ಕಾಣದೆ ಸುತ್ತಿ ಸುತ್ತಿ ಗಂಟಾಗಿತ್ತು. ಅವನು ಹಿಂದೆ ಮುಂದೆ ನೋಡಿ ಮಣ್ಣು ಮುಚ್ಚಿಬಿಟ್ಟ. ಮುಚ್ಚಿದ ಕೈಯ ಮೇಲೆ ಅವನಿಗೇ ಹೇಸಿಗೆಯಾಯಿತು. ಹೇಳದೆ ಹೊರಟುಬಿಡೋಣವೆಂದು ಗೇಟಿನವರೆಗೂ ಹೋದ. ಗೇಟಿನ ಪಕ್ಕದ ಮೊಳೆಯಲ್ಲಿ ನೀರಕ್ಕನ ಬಿಸಿಲು ಟೋಪಿ ಇನ್ನೂ ನೇತಾಡುತ್ತಿತ್ತು. ಅದನ್ನು ದಾಟಿ ಹೋಗಲು ಅವನಿಂದ ಆಗಲಿಲ್ಲ.

"ಚಿಕ್ಕಮ್ಮಾ, ಆ ಚೀಲ ಕರಗಲ್ಲ" ಎಂದ ಒಳಗೆ ಬಂದು. "ಅದು ಮೆಷಿನ್ ತೊಳೆದ ಪ್ಲಾಸ್ಟಿಕ್ಕು."

"ಗೊತ್ತಿದ್ದೂ ಕೊಟ್ಯಾ?"

"ಅವೇ ಚೆನ್ನಾಗಿ ಕಾಣ್ತಿದ್ವು."

ಚಿಕ್ಕಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲೋ! ನನ್ನ ಹತ್ರ ಹೇಳಿ ಏನು ಬಂತು? ನಡಿ, ಅವಳ ಹತ್ರ ಹೇಳು."

ದಾರಿಯುದ್ದಕ್ಕೂ ಅವನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ನೀರಕ್ಕ ಬಾಗಿಲು ತೆರೆದಳು. ಅತ್ತು ಅವಳ ಕಣ್ಣು ಊದಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳು ಚಿಕ್ಕಮ್ಮನ ಕೈ ಹಿಡಿದುಕೊಂಡಳು.

"ಕೂತು ಯೋಚ್ನೆ ಮಾಡ್ದೆ ಅಮ್ಮಾ. ನೀವು ಹೇಳಿದ್ದೇ ಸರಿ, ನಾನೇ ಜಾಸ್ತಿ ಹಾಕಿರ್ಬೇಕು. ವಯಸ್ಸಾಯ್ತು, ಕೈಗೆ ಅಂದಾಜು ಸಿಗಲ್ಲ." ಆಮೇಲೆ ಅವನತ್ತ ತಿರುಗಿ, "ಅಷ್ಟು ಚೆಂದದ ಚೀಲ ಮಾಡಿಕೊಟ್ಟಿದ್ದೆ ಮಗಾ, ನಾನು ಹಾಳು ಮಾಡ್ಬಿಟ್ಟೆ. ಬೇಜಾರು ಮಾಡ್ಕೋಬೇಡ" ಎಂದಳು.