ಎರಡನೆಯ ಪೆಟ್ಟಿಗೆಯ ಬಾಗಿಲು

ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳನ್ನು ಲ್ಯಾಬಿನಲ್ಲಿ ಸಾಕುವುದು ನನ್ನ ಕೆಲಸ. ಗಡ್ಡೆ ದಪ್ಪವಾದಂತೆ ಅದರ ನಡುವಿಗೆ ಆಮ್ಲಜನಕ ಸಾಲದು. ಆಗ ಅಲ್ಲಿನ ಕೋಶಗಳಲ್ಲಿ ಕೆಲವು ಸಾಯುವ ಬದಲು ಯಕೃತ್ತಿನ ಕಡೆಗೋ ಶ್ವಾಸಕೋಶದ ಕಡೆಗೋ ಕಾಲು ಕೀಳುತ್ತವೆ.

ಇದನ್ನು ಹೇಳಿದಾಗ ಲಿಫ್ಟ್ ಮೆಕ್ಯಾನಿಕ್ ಆಗಿದ್ದ ನಮ್ಮಣ್ಣ ನಕ್ಕ. "ಕೆಟ್ಟು ನಿಂತ ಲಿಫ್ಟಲ್ಲಿ ಜನ ಸುಮ್ನೆ ಕೂರ್ತಾರಾ? ಬಾಗಿಲು ಒದೀತಾರೆ." ಅವನಿಗೂ ಅದೇ ಕಾಯಿಲೆ. ಕರುಳು ಕತ್ತರಿಸಿದ ಮೇಲೂ ಯಕೃತ್ತಿನಲ್ಲಿ ಒಂದು ಚುಕ್ಕೆ ಕಂಡಿತ್ತು.

ಆಮ್ಲಜನಕ ಕಡಿಮೆ ಮಾಡಿದ ಎರಡು ಪೆಟ್ಟಿಗೆಗಳಲ್ಲಿ ಕೋಶಗಳನ್ನಿಟ್ಟಿದ್ದೆವು. ಎರಡನೆಯದಕ್ಕೆ ಮಾತ್ರ ಹೊಸ ಔಷಧ. ಒಂದು ವಾರ ಬಾಗಿಲು ಮುಟ್ಟುವಂತಿಲ್ಲ. ಎಂಟನೆಯ ದಿನ ನೋಡಿದರೆ ಮೊದಲನೆಯದರ ಕೋಶಗಳು ದಿಕ್ಕಾಪಾಲಾಗಿದ್ದವು, ಎರಡನೆಯದರವು ಕದಲಿರಲಿಲ್ಲ. ಲ್ಯಾಬಿನ ಮುಖ್ಯಸ್ಥೆ ಮೇಡಂ ಚಪ್ಪಾಳೆ ತಟ್ಟಿದರು. ನಾನು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದೆ: ಅಂದೇ ಅಣ್ಣನಿಗೆ ಹೇಳಿಬಿಟ್ಟೆ.

"ಹಾಗಾದ್ರೆ ಆ ಔಷಧಿಗೆ ಮೊದಲ್ನೇ ಹೆಸರು ನಂದೇ ಬರೆಸು" ಎಂದ. ಎಷ್ಟೋ ದಿನದ ಮೇಲೆ ಎರಡನೆಯ ಸಲ ಅನ್ನ ಹಾಕಿಸಿಕೊಂಡ.

ಮರುದಿನ ಮೇಡಂ ವರದಿ ಬರೆಯುತ್ತಾ, "ಬಾಗಿಲು ಯಾರೂ ತೆಗೀಲಿಲ್ಲ ಅಲ್ವಾ?" ಎಂದರು. ನಾನು ತೆಗೆದಿದ್ದೆ. ಪ್ರತಿದಿನ ಬೆಳಿಗ್ಗೆ, ಎರಡನೆಯದನ್ನು ಮಾತ್ರ. ಮೊದಲನೆಯದು ನನಗೇಕೆ ಬೇಕಿತ್ತು? ಅಣ್ಣನ ಆಸೆಯೆಲ್ಲ ಎರಡನೆಯದರಲ್ಲಿತ್ತು. ದಿನಾ ಗಾಳಿ ಸಿಕ್ಕ ಕೋಶಗಳು ಯಾಕಾದರೂ ಓಡುತ್ತವೆ!

"ಇಲ್ಲ ಮೇಡಂ" ಎಂದೆ.

ಮೂರನೆಯ ದಿನ ಮೇಡಂಗೂ ನಿಜ ಹೇಳಿದೆ, ಅಣ್ಣನಿಗೂ ಹೇಳಿದೆ. ಮೇಡಂ ಬೈಯಲಿಲ್ಲ, ಎರಡೂ ಬಾಗಿಲಿಗೆ ಟೇಪು ಸುತ್ತಿ ಮತ್ತೆ ಶುರುಮಾಡಿದರು. ಅಣ್ಣ ಮಾತ್ರ, "ಈ ಸಲ ಕೈ ಕಟ್ಕೊಂಡು ಕೂತಿರು, ಮಾರಾಯ್ತಿ" ಎಂದ.

ಕೈ ಕಟ್ಟಿಕೊಂಡೇ ಕೂತೆ. ವಾರದ ಮೇಲೆ ಟೇಪು ಬಿಚ್ಚಿದಾಗ ಎರಡು ಪೆಟ್ಟಿಗೆಗೂ ವ್ಯತ್ಯಾಸವೇ ಇರಲಿಲ್ಲ.

ಮನೆಗೆ ಬಂದೆ. ಅಣ್ಣ ಮುಖ ನೋಡಿಯೇ ಕೇಳಿದ, "ಓಡಿದ್ವಾ?"

"ಓಡಿದ್ವು." ನನಗೆ ಅಳು ತಡೆಯಲಾಗಲಿಲ್ಲ.

ಅವನು ಮಂಚದಲ್ಲಿ ಸರಿದು ಜಾಗ ಮಾಡಿದ. "ಬಾ, ಕೂತ್ಕೋ. ಮೊದ್ಲು ಆ ಕಿಟಕಿ ತೆಗಿ, ಒಳಗೆ ಗಾಳೀನೇ ಇಲ್ಲ."