ಓರಗಿತ್ತಿಯ ಕಂಪ್ಯೂಟರು

ಆ ಸರಕು ಸಾಗಣೆ ಕಂಪನಿಯಲ್ಲಿ ಒಂದೇ ಮನೆಯ ಇಬ್ಬರು ಸೊಸೆಯರು ಕೆಲಸಕ್ಕಿದ್ದರು. ಹಿರಿಯವಳು ಕೆಳಗೆ ರವಾನೆ ವಿಭಾಗದಲ್ಲಿ, ಕಿರಿಯವಳು ಮೇಲೆ ಬಿಲ್ ವಿಭಾಗದಲ್ಲಿ. ಆಫೀಸಿಗೆಲ್ಲ ಅವರು ದೊಡ್ಡ ಮೇಡಂ, ಚಿಕ್ಕ ಮೇಡಂ. ಕಿರಿಯವಳಿಗೆ ಈ ಕೆಲಸ ಕೊಡಿಸಿದ್ದೇ ಹಿರಿಯವಳು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದು ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಓರಗಿತ್ತಿಯರು ಹೀಗೂ ಇರಬಹುದೇ ಎಂದು ಕೆಲವರಿಗೆ ಸಂತೋಷ, ಉಳಿದವರಿಗೆ ಹೊಟ್ಟೆಯುರಿ.

ಈಚೆಗೆ ಚಿಕ್ಕ ಮೇಡಂಗೆ ತನ್ನ ಕಂಪ್ಯೂಟರಿನೊಳಗೆ ಹೋಗುವುದೇ ದೊಡ್ಡ ತಲೆನೋವಾಗಿತ್ತು. ಹೆಸರು ಒತ್ತಿ ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಅದೇ ರಾಗ: ‘ಹಲವು ಬಾರಿ ತಪ್ಪು ಪಾಸ್‌ವರ್ಡ್ ಕೊಟ್ಟಿದ್ದರಿಂದ ನಿಮ್ಮ ಖಾತೆಯನ್ನು ಮುಚ್ಚಲಾಗಿದೆ.’ ಅವಳು ಒತ್ತಿದ್ದು ಒಂದೇ ಸಲ, ಅದೂ ಸರಿಯಾಗಿ. ಕಂಪ್ಯೂಟರಿನವನು ಬಂದು ಖಾತೆ ತೆರೆದು ಹೋಗುತ್ತಿದ್ದ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿರುತ್ತಿತ್ತು.

ಈ ಕಂಪ್ಯೂಟರಿನವನಿಗೆ ಆಫೀಸಿನಲ್ಲಿ ‘ರಿಸ್ಟಾರ್ಟ್’ ಎಂದೇ ಹೆಸರು. ಯಾವ ರೋಗಕ್ಕೂ ಅವನ ಹತ್ತಿರ ಅದೊಂದೇ ಮದ್ದು. ಅದೂ ನಾಟದೆ ಹೋದಾಗ ಅವನು ತಲೆ ಕೆರೆದುಕೊಂಡು ಕೇಳಿದ್ದ.

“ಮೇಡಂ, ಪಾಸ್‌ವರ್ಡ್ ಏನಾದ್ರೂ ಬದಲಾಯಿಸಿದ್ರಾ?”

“ಇಲ್ಲಪ್ಪ” ಎಂದಿದ್ದಳು ಅವಳು, ಕಣ್ಣು ಮಿಟುಕಿಸದೆ.

ಅದು ಹಸಿ ಸುಳ್ಳು. ಬದಲಾಯಿಸಿದ್ದಳು. ಯಾಕೆ ಎಂದು ಅವನು ಕೇಳಿದರೆ ಹೇಳುವುದು ಹೇಗೆ? ಬಿಲ್ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಚಿಕ್ಕ ಮೇಡಂ ಗುಟ್ಟಾಗಿ ಅರ್ಜಿ ಹಾಕಿದ್ದಳು. ಗಂಡನಿಗೂ ಬಾಯಿ ಬಿಟ್ಟಿರಲಿಲ್ಲ. ಹಾಗಿರುವಾಗ ಒಂದು ದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಹಿರಿಯವಳು, “ಮುಖ್ಯಸ್ಥೆ ಆದ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ?” ಎಂದು ನಕ್ಕುಬಿಟ್ಟಳು. ಚಿಕ್ಕವಳು ಒಲೆ ಆರಿಸುವ ನೆವದಲ್ಲಿ ಅತ್ತ ತಿರುಗಿದಳು. ಮ್ಯಾನೇಜರಿಗೆ ಕಳಿಸಿದ್ದು ಬಿಟ್ಟರೆ ಅರ್ಜಿ ಇದ್ದದ್ದು ತನ್ನ ಕಂಪ್ಯೂಟರಿನಲ್ಲಿ ಮಾತ್ರ. ಇವಳಿಗೆ ಹೇಗೆ ಗೊತ್ತು?

ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅನುಮಾನ ಹೊಕ್ಕವರು ಕೇಳುವುದಿಲ್ಲ, ಕಾಯುತ್ತಾರೆ. ಮರುದಿನ ಆಫೀಸಿಗೆ ಹೋದವಳೇ ಪಾಸ್‌ವರ್ಡ್ ಬದಲಾಯಿಸಿದಳು. ಖಾತೆ ಮುಚ್ಚಿಕೊಳ್ಳತೊಡಗಿದ್ದು ಅಲ್ಲಿಂದಾಚೆಗೆ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ! ಹಳೆಯದು ಗೊತ್ತಿದ್ದವರು ಈಗ ಹೊಸದಕ್ಕಾಗಿ ತಡಕಾಡುತ್ತಿದ್ದಾರೆ, ಇನ್ನೇನು?

ಆಮೇಲೆ ಹಿರಿಯವಳು ಏನು ಮಾಡಿದರೂ ಇವಳಿಗೆ ಅದರಲ್ಲೊಂದು ಅರ್ಥ ಕಾಣಿಸುತ್ತಿತ್ತು. ಸ್ಕೂಟರಿನಲ್ಲಿ ಅವಳು ಸುಮ್ಮನಿದ್ದರೆ, ಏನೋ ಮುಚ್ಚಿಡುತ್ತಿದ್ದಾಳೆ. ಮಾತಾಡಿದರೆ, ಬಾಯಿ ಬಿಡಿಸಲು ನೋಡುತ್ತಿದ್ದಾಳೆ. “ನನ್ನ ಕಂಪ್ಯೂಟರೂ ಸರಿಯಿಲ್ಲ ಕಣೇ, ಗಿರಾಕಿಗಳ ವಿಳಾಸ ತೆರೆಯೋಕೇ ಆಗ್ತಿಲ್ಲ. ಹತ್ತು ಸಲ ಒತ್ತಿ ಒತ್ತಿ ಬೆರಳು ನೋವು” ಎಂದು ಅವಳು ಗೊಣಗಿದಾಗ, ಆಹಾ, ಏನು ನಾಟಕ ಎಂದುಕೊಂಡಳು ಹಿಂದೆ ಕೂತಿದ್ದ ಚಿಕ್ಕವಳು. ಹಾಗಂದುಕೊಂಡಿದ್ದಕ್ಕೆ ತನ್ನ ಮೇಲೇ ಬೇಸರವೂ ಆಗುತ್ತಿತ್ತು. ತವರಿನಲ್ಲಿ ಅಕ್ಕ ಇರಲಿಲ್ಲ ಅವಳಿಗೆ. ಬಾಯ್ತುಂಬ ಅಕ್ಕಾ ಎಂದು ಕರೆದದ್ದು ಇವಳೊಬ್ಬಳನ್ನೇ.

ಬಿಲ್ಲುಗಳು ತಡವಾದವು, ಗಿರಾಕಿಗಳು ಕೂಗಾಡಿದರು, ಮ್ಯಾನೇಜರು ರೇಗಿದರು. ರಿಸ್ಟಾರ್ಟ್ ಕೊನೆಗೂ ನೆಟ್‌ವರ್ಕಿನಲ್ಲಿ ಹುಡುಕಿ, ತಪ್ಪು ಪಾಸ್‌ವರ್ಡ್ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿದ.

“ರವಾನೆ ವಿಭಾಗದಿಂದ ಸರ್. ದೊಡ್ಡ ಮೇಡಂ ಕಂಪ್ಯೂಟರಿಂದ.”

ಮ್ಯಾನೇಜರು ಚಿಕ್ಕ ಮೇಡಂ ಮುಖ ನೋಡಿದರು. “ನಿಮಗೆ ಮೊದಲೇ ಅನುಮಾನ ಇತ್ತಾ?”

ಇಲ್ಲ ಎನ್ನಬಹುದಿತ್ತು. “ಇತ್ತು ಸರ್” ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ಮಾತು ಆಡಿಯಾಗಿತ್ತು.

“ಅವರೇ ಮಾಡಿದ್ದಾದ್ರೆ ಇವತ್ತೇ ಮನೆಗೆ ಕಳಿಸ್ತೀನಿ” ಎಂದು ಮ್ಯಾನೇಜರು ಮೆಟ್ಟಿಲಿಳಿದರು. ಅವಳೂ ಹಿಂದೆಯೇ ಇಳಿದಳು. ಅಕ್ಕನೇ ಆಗಿರಲಿ ಎನ್ನಲೂ ಬಾಯಿ ಬರಲಿಲ್ಲ, ಆಗಿರದಿರಲಿ ಎನ್ನಲೂ ಧೈರ್ಯವಿರಲಿಲ್ಲ.

ಕೆಳಗೆ ಹಿರಿಯವಳು ಪೆಟ್ಟಿಗೆಗಳ ನಡುವೆ ವಿಳಾಸದ ಚೀಟಿ ಅಂಟಿಸುತ್ತಿದ್ದಳು. ಮ್ಯಾನೇಜರು ವಿಷಯ ಹೇಳಿದರು. ಅವಳು ಬೆಪ್ಪಾಗಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ರಿಸ್ಟಾರ್ಟ್ ಕೂತು ಅಲ್ಲಿ ಇಲ್ಲಿ ಒತ್ತಿ ನೋಡಿ, ಹಾಂ ಎಂದ.

“ಬಿಲ್ ವಿಭಾಗದ ಫೋಲ್ಡರನ್ನ ಯಾರೋ ಇದಕ್ಕೆ ಜೋಡಿಸಿದ್ದಾರೆ. ಚಿಕ್ಕ ಮೇಡಂ ಹೆಸರಲ್ಲಿ. ಅವರ ಪಾಸ್‌ವರ್ಡ್ ಇದರಲ್ಲೇ ಕೂತಿದೆ. ಫೋಲ್ಡರ್ ಒತ್ತಿದಾಗೆಲ್ಲ ಇದು ತಾನಾಗೇ ಅದನ್ನ ಕಳಿಸ್ತಿದೆ. ಯಾರು ಹಾಕಿದ್ದು ಇದನ್ನ?”

ಹಿರಿಯವಳು ಕಿರಿಯವಳ ಕಡೆ ನೋಡಿದಳು. ಕಿರಿಯವಳಿಗೆ ಆಗ ನೆನಪಾಯಿತು. ಗಿರಾಕಿಗಳ ವಿಳಾಸವಿದ್ದದ್ದು ಬಿಲ್ ವಿಭಾಗದ ಫೋಲ್ಡರಿನಲ್ಲಿ. ಅದನ್ನು ನೋಡಲು ಕೆಳಗಿನವರಿಗೆ ಅನುಮತಿ ಇರಲಿಲ್ಲ. ಅನುಮತಿ ಕೇಳಿದರೆ ಮ್ಯಾನೇಜರ ಸಹಿಗೆ ಅಲೆಯಬೇಕು. “ಒಂದೇ ಮನೆಯವರಿಗೆ ಎರಡೆರಡು ಬೀಗ ಯಾಕಕ್ಕಾ?” ಎಂದು ಹಿಂದೊಮ್ಮೆ ತಾನೇ ಇದೇ ಕುರ್ಚಿಯಲ್ಲಿ ಕೂತು, ತನ್ನ ಹೆಸರು ಕೊಟ್ಟು, ಪಾಸ್‌ವರ್ಡ್ ನೆನಪಿಟ್ಟುಕೋ ಎಂಬಲ್ಲಿ ಗುರುತು ಹಾಕಿ ಹೋಗಿದ್ದಳು.

“ನಾನೇ ಹಾಕಿದ್ದು” ಎಂದಳು.

“ಹಂಗಾದ್ರೆ ಇದು ಕೆಲಸ ಮಾಡ್ಬೇಕಿತ್ತಲ್ಲ ಮೇಡಂ? ಪಾಸ್‌ವರ್ಡ್ ಬದಲಾಯಿಸಿಲ್ಲ ಅಂದ್ರಿ?”

“ಬದಲಾಯಿಸಿದ್ದೆ.”

ರಿಸ್ಟಾರ್ಟ್ ಕೈಚೆಲ್ಲಿದ. “ಮೊದಲೇ ಹೇಳಿದ್ರೆ ಚಿಟಿಕೆ ಹೊಡೆಯೋದ್ರಲ್ಲಿ ಆಗೋ ಕೆಲಸ. ಕಂಪ್ಯೂಟರಿಗೆ ಹಳೇದೊಂದೇ ಗೊತ್ತು, ಅದನ್ನೇ ಕಳಿಸಿ ಕಳಿಸಿ ನಿಮ್ಮ ಖಾತೆ ಮುಚ್ಚಿಸ್ತಿತ್ತು. ಇವರದೇನೂ ತಪ್ಪಿಲ್ಲ ಸರ್.”

“ಯಾಕೆ ಬದಲಾಯಿಸಿದೆ?” ಎಂದು ಕೇಳಿದಳು ಹಿರಿಯವಳು.

ಚಿಕ್ಕವಳು ನೆಲ ನೋಡಿದಳು. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. “ಅರ್ಜಿ ವಿಷಯ ನಿನಗೆ ಹೇಗೆ ಗೊತ್ತಾಯ್ತು ಅಂತ…”

ಮ್ಯಾನೇಜರು ಮುಜುಗರದಿಂದ ಕೆಮ್ಮಿದರು. “ನಾನೇ ಕೇಳಿದ್ದೆ ಇವರನ್ನ, ನಿಮ್ಮ ಓರಗಿತ್ತಿ ಆ ಕೆಲಸ ನಿಭಾಯಿಸ್ತಾರಾ ಅಂತ. ಕಣ್ಮುಚ್ಕೊಂಡು ಕೊಡಿ ಅಂದ್ರು.”

ಹಿರಿಯವಳು ಬೈಯಲಿಲ್ಲ, ಅಳಲಿಲ್ಲ. ರಿಸ್ಟಾರ್ಟ್ ಕಡೆ ತಿರುಗಿ, “ಇದರಲ್ಲಿರೋ ಇವರ ಹೆಸರು ತೆಗೆದುಬಿಡಪ್ಪ” ಎಂದಳು. ಆಮೇಲೆ ಚಿಕ್ಕವಳಿಗೆ, “ನೀವು ಮೇಲಕ್ಕೆ ಹೋಗಿ ಮೇಡಂ. ಬಿಲ್ಲುಗಳು ಬಾಕಿ ಇವೆ” ಎಂದಳು.

“ಅಕ್ಕಾ, ನನಗೆ ‘ನೀವು’ ಅನ್ಬೇಡ. ಬೇಕಾದ್ರೆ ಬೈ, ಎರಡು ಏಟು ಹಾಕು.”

“ಬೈಯೋಕೆ ನಮ್ಮವರಾಗಿರ್ಬೇಕಲ್ಲ ಮೇಡಂ” ಎಂದು ದೊಡ್ಡ ಮೇಡಂ ಮುಂದಿನ ಪೆಟ್ಟಿಗೆ ಎಳೆದುಕೊಂಡಳು.